ಮಿಲ್ಟ್ರಿ ಕಾವಲಿನ ಬಾವಿ

ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಹೋಗುವಾಗ, ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣತೊಡಗಿದ ಮೇಲೆ, ರಸ್ತೆಯ ಪಕ್ಕಕ್ಕೆ ಉದ್ದನೆಯ ಮುಳ್ಳುತಂತಿ ಬೇಲಿಯೊಂದು ಸಿಗುತ್ತಿತ್ತು. ಅದರಾಚೆಗಿನದು ಸೈನ್ಯದವರ ಜಾಗ. ಗುಂಡು ಹಾರಿಸುವುದನ್ನು ಅಭ್ಯಾಸ ಮಾಡುವ ದೊಡ್ಡ ಬಯಲು, ಗಾಡಿ ನಿಲ್ಲಿಸುವ ಶೆಡ್ಡುಗಳು, ಒಂದಿಷ್ಟು ವಸತಿಗೃಹಗಳು. ಸರ್ಕಾರದ ಕಾಗದದಲ್ಲಿ ಅದಕ್ಕೆ ಬೇರೆ ಹೆಸರಿತ್ತು. ಸುತ್ತಲಿನ ಊರಿನವರಿಗೆಲ್ಲ ಅದು ಮಿಲ್ಟ್ರಿ ಕಾವಲು. ಆ ನೆಲೆಯನ್ನು ಮುಚ್ಚುವುದೆಂದು ತೀರ್ಮಾನವಾಗಿ, ಸೈನಿಕರು ಒಂದೊಂದೇ ತುಕಡಿಯಾಗಿ ಹೊರಟುಹೋದ ಮೇಲೆ, ಅಷ್ಟು ಜಾಗವನ್ನು ಮುಂದೆ ಏನು ಮಾಡುವುದು ಎಂಬ ಪ್ರಶ್ನೆ ಎದ್ದಿತು. ಸೋಲಾರ್ ಫಲಕ ಹಾಕಬೇಕು ಎನ್ನುವವರಿದ್ದರು, ತರಬೇತಿ ಶಾಲೆ ಕಟ್ಟಬೇಕು ಎನ್ನುವವರಿದ್ದರು, ಮೊದಲಿನ ಹಾಗೆ ಕುರಿ ಮೇಯಲು ಬಿಡಿ ಎನ್ನುವವರೂ ಇದ್ದರು. ಏನೇ ಮಾಡುವುದಿದ್ದರೂ ಮೊದಲು ಅಲ್ಲಿನ ಮಣ್ಣು, ನೀರು, ಹುಲ್ಲು, ಹಕ್ಕಿ ಎಲ್ಲವನ್ನೂ ನೋಡಿ ವರದಿ ಕೊಡಬೇಕಿತ್ತು.

ನಾನು ಚಿತ್ರದುರ್ಗದ ಒಂದು ಸಣ್ಣ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವವಳು. ಕೋಟೆಯ ಕೆಳಗಿನ ಹಳೇ ಓಣಿಯಲ್ಲಿ ಹುಟ್ಟಿ ಬೆಳೆದೆ. ಅಪ್ಪ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು, ಈಗ ಅಣ್ಣ ಹಾಕುತ್ತಾನೆ. ಮನೆಯೊಳಗೆ ಉರ್ದು, ಹೊಸಿಲು ದಾಟಿದರೆ ಕನ್ನಡ. ವರದಿ ಬರೆಯುವ ತಂಡದ ಮುಖ್ಯಸ್ಥರು ಮೈಸೂರಿನ ಕಡೆಯವರು. ನೀರಿನ ಕೆಲಸಕ್ಕೆ ನಮ್ಮ ಪ್ರಯೋಗಾಲಯವನ್ನು ಕೇಳಿದಾಗ, ಸುತ್ತಲಿನ ಜನರ ಜೊತೆ ಮಾತಾಡಲು ಅನುಕೂಲವಾಗುತ್ತದೆಂದು ನನ್ನನ್ನೇ ಕಳಿಸಿದರು.

ಆ ನೆಲೆಯಲ್ಲಿ ಆಗ ಉಳಿದಿದ್ದವರು ಗೇಟಿನ ಕಾವಲುಗಾರರನ್ನು ಬಿಟ್ಟರೆ ಒಂದು ವಯಸ್ಸಾದ ಜೋಡಿ ಮಾತ್ರ. ಯಜಮಾನರು ಆದಿವಾಲದ ರೈತರ ಮನೆಯವರು. ಹರೆಯದಲ್ಲೇ ಇಲ್ಲಿ ಪಂಪ್ ಆಪರೇಟರ್ ಆಗಿ ಸೇರಿ, ನಿವೃತ್ತರಾದ ಮೇಲೂ ಕಾಂಟ್ರಾಕ್ಟಿನ ಮೇಲೆ ಅದೇ ಪಂಪ್‌ಹೌಸ್ ನೋಡಿಕೊಂಡಿದ್ದರು. ಅವರ ಹೆಂಡತಿ ಮಾಡದಕೆರೆ ಕಡೆಯ ಕುರಿಗಾರರ ಮಗಳು. ಬಾವಿಯ ಪಕ್ಕದ ಎರಡು ಕೋಣೆಯ ವಸತಿಗೃಹದಲ್ಲಿ ಇಬ್ಬರೂ ಇದ್ದರು. ಮನೆಯ ಹಿಂದೆ ಬದನೆ, ಹಾಗಲಬಳ್ಳಿ, ಒಂದು ನುಗ್ಗೆಮರ. ಸೈನಿಕರು ಹೋದಮೇಲೆ ಕಿಟಕಿ ಬಾಗಿಲಿಲ್ಲದೆ ಬಿದ್ದಿದ್ದ ಆ ಸಾಲುಮನೆಗಳ ನಡುವೆ ಅದೊಂದೇ ಮನೆಯ ಮುಂದೆ ರಂಗೋಲಿ ಇರುತ್ತಿತ್ತು.

ಮೊದಲ ದಿನ ನಾನು ಶೀಸೆಗಳ ಪೆಟ್ಟಿಗೆ ಇಳಿಸುತ್ತಿದ್ದ ಹಾಗೆ ಯಜಮಾನರು ಒಂದು ಚೊಂಬು ನೀರು ಹಿಡಿದು ಬಂದರು.

"ಮೊದ್ಲು ಕುಡುದು ನೋಡ್ರಿ, ಆಮ್ಯಾಲೆ ಶೀಸೆಗೆ ತುಂಬ್ಕಳ್ರಿ" ಎಂದರು.

ಪರೀಕ್ಷೆ ಮಾಡುವ ಮೊದಲು ನಾವು ಯಾವ ನೀರನ್ನೂ ಕುಡಿಯುವುದಿಲ್ಲ. ಆದರೆ ಅವರು ಚೊಂಬು ಹಿಡಿದು ನಿಂತ ರೀತಿ ನೋಡಿ ಬೇಡ ಅನ್ನಲಾಗಲಿಲ್ಲ. ಕುಡಿದೆ. ತಣ್ಣಗೆ, ಸಿಹಿಯಾಗಿತ್ತು. ಸುತ್ತ ಎಲ್ಲೂ ಇಂಥ ನೀರಿಲ್ಲವೆಂದೂ, ಬೇರೆ ಊರಿಗೆ ವರ್ಗವಾಗಿ ಹೋದ ಅಧಿಕಾರಿಗಳು ಈ ಕಡೆ ಬಂದರೆ ಇದನ್ನು ಕ್ಯಾನುಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದರೆಂದೂ ಅವರು ಹೇಳಿದರು. ಯಾವ ಬೇಸಿಗೆಯಲ್ಲೂ ಒಂದು ದಿನ ನೀರು ನಿಲ್ಲಿಸಿದವರಲ್ಲವಂತೆ. ಅವರು ಹೇಳುತ್ತಿರುವಾಗ ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಾನು ಆಕೆಯನ್ನು ಮೊದಲ ದಿನದಿಂದಲೇ ಅವ್ವ ಎಂದೆ. ಆಕೆ ನನ್ನನ್ನು ಎರಡು ದಿನ ಮೇಡಮ್ಮೋರೇ ಎಂದು, ಮೂರನೇ ದಿನದಿಂದ ಮಗಾ ಎಂದರು.

ಕೆಲಸ ಒಂದೆರಡು ದಿನಕ್ಕೆ ಮುಗಿಯುವಂಥದಲ್ಲ. ಒಂದು ಕಡೆ ಸೈನ್ಯದ ತಜ್ಞರು ಬಯಲಿನಲ್ಲಿ ಸಿಡಿಯದೆ ಉಳಿದ ಗುಂಡುಗಳನ್ನು ಹುಡುಕಿ ತೆಗೆಯುತ್ತಿದ್ದರು. ಅವರು ಕೆಂಪು ಬಾವುಟ ಕಿತ್ತ ಕಡೆಗೆ ಮಾತ್ರ ನಾವು ಹೋಗಬೇಕು. ಗುಂಡು ಬಂದು ಬೀಳುತ್ತಿದ್ದ ಮಣ್ಣಿನ ದಿಬ್ಬಗಳಲ್ಲಿ ಸೀಸ ಎಷ್ಟಿದೆ ನೋಡಬೇಕು, ಹಳ್ಳದ ನೀರು ನೋಡಬೇಕು, ಬೇಲಿಯಾಚೆಯ ತೋಟಗಳ ಬಾವಿ ನೋಡಬೇಕು. ಹಕ್ಕಿ ನೋಡಲು ಬಂದ ಹುಡುಗಿ ಬೆಳಗಿನ ಹೊತ್ತು ದುರ್ಬೀನು ಹಿಡಿದು ಹುಲ್ಲಿನಲ್ಲಿ ಮಲಗಿರುತ್ತಿದ್ದಳು. ಅಷ್ಟು ವರ್ಷ ಗುಂಡಿನ ಸದ್ದು ಕೇಳಿದ ಬಯಲಿನಲ್ಲಿ ಹುಲ್ಲು ಸೊಂಟದವರೆಗೆ ಬೆಳೆದು, ಕೃಷ್ಣಮೃಗಗಳು ತಮ್ಮ ಪಾಡಿಗೆ ತಾವು ಮೇಯುತ್ತಿದ್ದವು. ಜನ ಕಾಲಿಡದ್ದರಿಂದ ಉಳಿದ ಹುಲ್ಲು ಅದು.

ಮಧ್ಯಾಹ್ನದ ಊಟ ಮಾತ್ರ ನನಗೆ ಅವ್ವನ ಮನೆಯಲ್ಲೇ ಆಗುತ್ತಿತ್ತು. ನಾನು ಬುತ್ತಿ ತರುತ್ತೇನೆ ಎಂದರೂ ಆಕೆ ಕೇಳಲಿಲ್ಲ. ಮುದ್ದೆ, ನುಗ್ಗೆಸೊಪ್ಪಿನ ಸಾರು, ಕೆಲವು ದಿನ ಹುರುಳಿಕಟ್ಟು. ಆಕೆಯ ಹಿತ್ತಾಳೆ ಪಾತ್ರೆಯ ಒಳಗಿನ ಕಲಾಯಿ ಸವೆದು ಹಳದಿ ಕಾಣುತ್ತಿದ್ದುದನ್ನು ನೋಡಿ, ಅದನ್ನು ದುರ್ಗಕ್ಕೆ ಒಯ್ದು ಅಣ್ಣನ ಕೈಲಿ ಕಲಾಯಿ ಹಾಕಿಸಿ ತಂದುಕೊಟ್ಟೆ. ಆಕೆ ಅದರೊಳಗೆ ಮುಖ ನೋಡಿಕೊಂಡು, ನಾನಿಷ್ಟು ಮುದುಕಿ ಆಗಿದೀನಾ ಎಂದು ಕೇಳಿದರು. ಯಜಮಾನರು, ಪಾತ್ರೆ ಸೊಟ್ಟಗೈತೆ ಬಿಡು ಎಂದರು.

ಮಕ್ಕಳ ಬಗ್ಗೆ ಒಮ್ಮೆ ಕೇಳಿದ್ದೆ. ಊಟಕ್ಕೆ ಕುಳಿತಾಗ, ಮಕ್ಕಳೆಲ್ಲ ಎಲ್ಲಿದ್ದಾರೆ ಅವ್ವ ಎಂದಿದ್ದೆ. ಆಕೆ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಯಜಮಾನರು, ಇಲ್ಲ ಎಂದಷ್ಟೇ ಹೇಳಿ ಮುದ್ದೆ ಮುರಿಯತೊಡಗಿದರು. ನಾನು ಮತ್ತೆ ಆ ಮಾತು ತೆಗೆಯಲಿಲ್ಲ.

ಬಾವಿಯ ನೀರಿನ ಫಲಿತಾಂಶ ಬಂದಾಗ ನನಗೆ ನಂಬಿಕೆಯಾಗಲಿಲ್ಲ. ನೀರಿನಲ್ಲಿ ಡೀಸೆಲ್ಲಿನ ಅಂಶವಿತ್ತು. ನಾಲಿಗೆಗೆ ಗೊತ್ತಾಗುವಷ್ಟಲ್ಲ, ಆದರೆ ಕುಡಿಯಬಾರದು ಎನ್ನುವಷ್ಟು. ಶೀಸೆ ಸರಿಯಾಗಿ ತೊಳೆದಿರಲಿಲ್ಲವೇನೋ ಎಂದುಕೊಂಡು ಹೊಸ ಶೀಸೆಯಲ್ಲಿ ಮತ್ತೆ ನೀರು ತಂದು ಮಾಡಿದೆ. ಅದೇ ಬಂತು. ಪಂಪ್‌ಹೌಸಿನ ಗೋಡೆಯ ಆಚೆಗೆ ಗಾಡಿಗಳ ಅಂಗಳ. ಅಲ್ಲಿ ನೆಲದೊಳಗೆ ಎಣ್ಣೆಯ ಟ್ಯಾಂಕು ಹೂತಿದ್ದರು. ಅದು ಸೋರುತ್ತಿರಬೇಕು. ಮುಖ್ಯಸ್ಥರಿಗೆ ಫೋನು ಮಾಡಿದೆ. ವರದಿ ಮುಗಿಯುವವರೆಗೆ ಕಾಯಬೇಡಿ, ಇವತ್ತೇ ಹೋಗಿ ಅವರಿಗೆ ಹೇಳಿ, ಕುಡಿಯುವ ನೀರಿನ ಟ್ಯಾಂಕರ್ ನಾನು ಕಳಿಸುತ್ತೇನೆ ಎಂದರು.

ಹೋಗಿ ಹೇಳಿದೆ. ಜಗಲಿಯ ಮೇಲೆ ಇಬ್ಬರನ್ನೂ ಕೂರಿಸಿಕೊಂಡು, ಈ ನೀರು ಇನ್ನು ಕುಡಿಯಬಾರದು, ಅಡಿಗೆಗೂ ಬೇಡ, ಹಿತ್ತಲಿನ ತರಕಾರಿಯೂ ಬೇಡ ಎಂದೆ. ಯಾಕೆ ಎಂದು ವಿವರಿಸಿದೆ. ನನ್ನ ಮಾತು ಮುಗಿದ ಮೇಲೆ ಯಜಮಾನರು ಬಹಳ ಹೊತ್ತು ಪಂಪ್‌ಹೌಸಿನ ಬಾಗಿಲು ನೋಡುತ್ತ ಕುಳಿತರು. ಆಮೇಲೆ ಎದ್ದು ಹೋಗಿ ಮೋಟಾರಿನ ಸ್ವಿಚ್ಚು ಆರಿಸಿ ಬಂದರು. ಇಷ್ಟು ದಿನ ಆ ಮೋಟಾರಿನ ಸದ್ದು ಅಲ್ಲಿತ್ತು ಎನ್ನುವುದೇ ನನಗೆ ಅದು ನಿಂತ ಮೇಲೆ ತಿಳಿಯಿತು.

ನಾನು ಜೀಪು ಹತ್ತುವಾಗ ಅವ್ವ ಹಿಂದೆಯೇ ಬಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಒಂದು ಮಾತು ಕೇಳಲಾ ಮಗಾ ಎಂದರು.

ಮದುವೆಯಾಗಿ ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲೇ ಆಕೆಗೆ ಎರಡು ಮಕ್ಕಳಾಗಿದ್ದವು. ಮೊದಲನೆಯದು ಹೆಣ್ಣು, ಹುಟ್ಟಿ ಕೆಲವೇ ದಿನ ಇತ್ತು. ಎರಡನೆಯದು ಹೊಟ್ಟೆಯಲ್ಲೇ ಸತ್ತು ಹುಟ್ಟಿತು. ಆ ಎರಡನೇ ಬಸುರಿನಲ್ಲಿ ಆಕೆ ತವರಿಗೆ ಹೋಗಿದ್ದಾಗ, ತಮ್ಮನಿಗೆ ಜ್ವರ ಬಂದಿತ್ತೆಂದು, ಒಂದು ದಿನ ಬಿಸಿಲಲ್ಲಿ ಕುರಿಯ ಹಿಂದೆ ಹೋಗಿದ್ದರಂತೆ. ಮಗು ಹೋದದ್ದು ಅದರಿಂದಲೇ ಎಂದು ಅತ್ತೆ ಅಂದರು. ಮೊದಲನೆಯದಕ್ಕೂ ಇಂಥದೇ ಏನೋ ಒಂದು ಕಾರಣ ಸಿಕ್ಕಿತು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾದರೂ ಆ ಮಾತು ಉಳಿಯಿತು. ತವರಿನಲ್ಲಿ ತೊಟ್ಟಿಲು ಕಟ್ಟಿದರೆ ಆಕೆಗೆ ಹೇಳಿ ಕಳಿಸುತ್ತಿರಲಿಲ್ಲ. ಹೇಳಿ ಕಳಿಸಿದರೂ ಆಕೆ ಹೋಗುತ್ತಿರಲಿಲ್ಲ.

"ನಾನು ಈ ನೀರೇ ಕುಡೀತಿದ್ನಲ್ಲ" ಎಂದರು ಅವ್ವ. "ಆ ಕೂಸುಗಳು ಹೋಗಿದ್ದು ಇದ್ರಿಂದ ಇರಬೌದಾ?"

ನನಗೆ ಗೊತ್ತಿಲ್ಲ ಅವ್ವ ಎಂದೆ. ನಿಜಕ್ಕೂ ನನಗೆ ಗೊತ್ತಿರಲಿಲ್ಲ. ಟ್ಯಾಂಕು ಯಾವಾಗಿನಿಂದ ಸೋರುತ್ತಿದೆ ಎನ್ನುವುದು ಅದನ್ನು ಹೊರಗೆ ತೆಗೆಯದೆ ಹೇಳಲಾಗುವುದಿಲ್ಲ ಎಂದೂ ಸೇರಿಸಿದೆ. ಆಕೆ ತಲೆ ಆಡಿಸಿದರು. ಆದರೆ ಆಕೆಗೆ ಬೇಕಾಗಿದ್ದದ್ದು ನನ್ನ ಉತ್ತರವಲ್ಲ ಎಂದು ಮುಂದಿನ ವಾರ ಹೋದಾಗ ಅರ್ಥವಾಯಿತು.

ಆಕೆ ಬೇರೆಯೇ ಮನುಷ್ಯಳಾಗಿದ್ದರು. ಕುಡಿಯುವ ನೀರನ್ನೇ ಕಳೆದುಕೊಂಡ ಮನೆಯಲ್ಲಿ ಹೀಗೂ ಒಂದು ಬದಲಾವಣೆ ಆಗಬಹುದೆಂದು ನಾನು ಎಣಿಸಿರಲಿಲ್ಲ. ಟ್ಯಾಂಕರಿನ ಡ್ರೈವರನ ಹತ್ತಿರ ಆತನ ಹೆಂಡತಿ ಮಕ್ಕಳ ಬಗ್ಗೆ ಕೇಳುತ್ತಿದ್ದರು. ಮಾಡದಕೆರೆಗೆ ಬಸ್ಸಿನಲ್ಲಿ ಹೋಗಿ ತಮ್ಮನ ಮನೆಯಲ್ಲಿ ಎರಡು ದಿನ ಇದ್ದು ಬಂದಿದ್ದರು. ಅಲ್ಲಿ ಎಲ್ಲರಿಗೂ ಬಾವಿ ನೀರಿನ ವಿಷಯ ಹೇಳಿದರಂತೆ. ನನ್ನ ಕಾಲ್ಗುಣವೂ ಅಲ್ಲ, ಬಿಸಿಲೂ ಅಲ್ಲ, ನೀರಿನಾಗೆ ಎಣ್ಣೆ ಇತ್ತಂತೆ ಎಂದು. ತಮ್ಮನ ಹೆಂಡತಿ ಅತ್ತುಬಿಟ್ಟಳು, ನನಗೆ ಸೀರೆ ಉಡಿಸಿ ಕಳಿಸಿದಳು ಎಂದು ಅವ್ವ ಆ ಸೀರೆಯನ್ನು ತೋರಿಸಿದರು. ಹಸಿರು ಸೀರೆ, ಕೆಂಪು ಅಂಚು. ಊಟಕ್ಕೆ ಬಡಿಸುತ್ತ ಆ ಬಾವಿಗೆ ಬೈದರು. ನಗುತ್ತಲೇ ಬೈದರು. ಯಜಮಾನರು ಏನೂ ಅನ್ನದೆ ಉಣ್ಣುತ್ತಿದ್ದರು. ತಮ್ಮ ನೀರಿನ ಬಗ್ಗೆ ಯಾರಾದರೂ ಒಂದು ಮಾತಂದರೆ ಸಿಟ್ಟಾಗುತ್ತಿದ್ದವರು ಹೀಗೆ ತಲೆ ತಗ್ಗಿಸಿ ಕುಳಿತದ್ದು ನೋಡಿ, ಪಾಪ, ನಾಲ್ಕು ದಶಕ ನೀರು ಕೊಟ್ಟ ಮನುಷ್ಯನಿಗೆ ಎಷ್ಟು ನೋವಾಗಿದೆಯೋ ಎಂದುಕೊಂಡೆ.

ಆ ವಾರವೇ ದುರ್ಗದಲ್ಲಿ ನನಗೆ ಪರಿಚಯವಿದ್ದ ಹೆರಿಗೆ ಡಾಕ್ಟರೊಬ್ಬರನ್ನು ಹೋಗಿ ಕೇಳಿದೆ. ಅಷ್ಟು ಹಿಂದಿನ ಮಾತಿಗೆ ಈಗ ಯಾರೂ ಕಾರಣ ಹೇಳಲಾರರು ಎಂದರು ಆಕೆ. ರಕ್ತದ ಗುಂಪು ಹೊಂದದೆ ಇದ್ದಿರಬಹುದು, ಸೋಂಕು ಇರಬಹುದು, ಏನೂ ಇಲ್ಲದೆಯೂ ಆಗುತ್ತದೆ. ಆದರೆ ಒಂದು ದಿನ ಬಿಸಿಲಲ್ಲಿ ಕುರಿಯ ಹಿಂದೆ ಹೋದದ್ದರಿಂದ ಹಾಗಾಯಿತು ಎನ್ನುವ ಮಾತನ್ನು ಮಾತ್ರ ನಂಬಬೇಡಿ ಎಂದು ಹೇಳಿ ಎಂದರು. ಅದನ್ನು ಅವ್ವನಿಗೆ ಹೇಳಬೇಕೆಂದುಕೊಂಡೆ. ಆಕೆ ಆಗಲೇ ಅಷ್ಟು ಹಗುರಾಗಿದ್ದುದರಿಂದ ಹೇಳುವ ಸಂದರ್ಭ ಬರಲಿಲ್ಲ.

ಟ್ಯಾಂಕು ತೆಗೆಯುವ ದಿನ ಅಂಗಳದಲ್ಲಿ ನಾವೆಲ್ಲ ಇದ್ದೆವು. ಜೆಸಿಬಿ ನಿಧಾನವಾಗಿ ಮಣ್ಣು ಬಿಡಿಸಿತು. ಕ್ರೇನು ಎತ್ತಿದಾಗ ಅದರ ಹೊಟ್ಟೆಯ ಕೆಳಗೆ ತುಕ್ಕು ಹಿಡಿದು ತೂತಾಗಿದ್ದುದು ಕಂಡಿತು. ಮಣ್ಣು ಕಪ್ಪಾಗಿ ವಾಸನೆ ಹೊಡೆಯುತ್ತಿತ್ತು. ಮುಖ್ಯಸ್ಥರು ಟ್ಯಾಂಕಿನ ಕತ್ತಿನ ಹತ್ತಿರ ಬಟ್ಟೆಯಿಂದ ಒರೆಸಿ, ಅಲ್ಲಿ ಕೂರಿಸಿದ್ದ ಲೋಹದ ಪಟ್ಟಿಯನ್ನು ಓದಿದರು. ತಯಾರಾದ ವರ್ಷ ಅದರ ಮೇಲೆ ಅಚ್ಚಾಗಿತ್ತು. ಇದಕ್ಕೂ ಮೊದಲು ಇಲ್ಲಿ ಬೇರೆ ಟ್ಯಾಂಕು ಇತ್ತೇ ಎಂದು ಅವರು ಕೇಳಿದಾಗ ಯಜಮಾನರು ಇಲ್ಲ ಎಂದರು. ಮೊದಲೆಲ್ಲ ಗಾಡಿಗಳು ಹಿರಿಯೂರಿಗೇ ಹೋಗಿ ಡೀಸೆಲ್ ಹಾಕಿಸಿಕೊಳ್ಳುತ್ತಿದ್ದವು ಎಂದರು.

ನಾನು ಆ ವರ್ಷವನ್ನು ಪುಸ್ತಕದಲ್ಲಿ ಬರೆದುಕೊಂಡೆ. ಅವ್ವ ಮಕ್ಕಳ ಬಗ್ಗೆ ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡೆ. ಟ್ಯಾಂಕು ನೆಲದೊಳಗೆ ಇಳಿದದ್ದು ಆ ಎರಡು ಕೂಸುಗಳು ಹೋಗಿ ಎಷ್ಟೋ ಕಾಲವಾದ ಮೇಲೆ. ಆಗ ಬಾವಿಯ ನೀರು ಯಜಮಾನರು ಹೇಳುತ್ತಿದ್ದ ಹಾಗೆ ಚೊಕ್ಕವಾಗಿಯೇ ಇತ್ತು.

ತಿರುಗಿ ನೋಡಿದರೆ ಯಜಮಾನರು ನನ್ನನ್ನೇ ನೋಡುತ್ತಿದ್ದರು. ಶೆಡ್ಡಿನ ನೆರಳಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು.

"ಅವಳಿಗೆ ಹೇಳಬ್ಯಾಡ್ರಿ ತಾಯಿ."

ನಿಮಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿಲ್ಲದೆ ಏನು, ಟ್ಯಾಂಕು ಇಳಿಸುವಾಗ ಹಗ್ಗ ಹಿಡಿದವರಲ್ಲಿ ತಾವೂ ಒಬ್ಬರು ಎಂದರು. ಆ ಅಂಗಳಕ್ಕೆ ಹೆಂಗಸರು ಬರುವ ಹಾಗಿರಲಿಲ್ಲ; ಅವಳಿಗೆ ಅದು ಗೊತ್ತಿಲ್ಲ. ನಾನು ನೀರಿನ ವಿಷಯ ಹೇಳಿ ಹೋದ ಸಂಜೆ ಅವಳು ಬಂದು, ನೀರಿನಿಂದಲೇ ಹಂಗಾತಾ ಎಂದು ಕೇಳಿದಳಂತೆ. ಇರಬೌದು ಎಂದುಬಿಟ್ಟೆ ಎಂದರು.

"ನೀರಿನ ತಪ್ಪು ಅಂದ್ರೆ ನಂದೇ ತಪ್ಪು. ಪಂಪು ಬಿಟ್ಟೋನು ನಾನೇ ತಾನೆ. ಇರ್ಲಿ ಬಿಡ್ರಿ, ನಂಗೇನೂ ಭಾರ ಆಗಲ್ಲ. ಅವಳು ಇಷ್ಟು ವರ್ಷ ಹೊತ್ತಾಳೆ."

ಆದರೆ ಟ್ಯಾಂಕಿನ ವರ್ಷ ವರದಿಗೆ ಬೇಕಾಗಿತ್ತು. ಎಣ್ಣೆ ಎಷ್ಟು ದೂರ ಹೋಗಿರಬಹುದು ಎನ್ನುವ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿತ್ತು. ಬೇಲಿಯಾಚೆಯ ರೈತರು ತಮ್ಮ ಬಾವಿಗಳಿಗೂ ಎಣ್ಣೆ ಬಂದಿದೆಯೋ ಎಂದು ಹೆದರಿ, ನಮ್ಮನ್ನು ಕಂಡಾಗಲೆಲ್ಲ ಕೇಳುತ್ತಿದ್ದರು. ಅವರ ಬಾವಿಗಳು ಚೊಕ್ಕವಾಗಿದ್ದವು, ಯಾಕೆ ಚೊಕ್ಕವಾಗಿದ್ದವು ಎನ್ನುವುದಕ್ಕೆ ಕಾರಣ ಈ ವರ್ಷವೇ; ಎಣ್ಣೆ ಅಷ್ಟು ದೂರ ಹರಿಯುವಷ್ಟು ಟ್ಯಾಂಕು ಹಳೆಯದಲ್ಲ. ಬರೆಯಲೇಬೇಕು ಯಜಮಾನ್ರೆ ಎಂದೆ. ಬರೀರಿ, ಸುಳ್ಳು ಬರೀರಿ ಅಂತ ನಾನು ಹೇಳಲ್ಲ ಎಂದರು. ವರದಿ ಓದುವ ಸಭೆಗೆ ಅವಳನ್ನು ಕರೆದುಕೊಂಡು ಬರುವುದಿಲ್ಲ, ಅಷ್ಟೇ ಎಂದರು.

ಜನರ ಅಭಿಪ್ರಾಯ ಕೇಳುವ ಸಭೆ ಆದಿವಾಲದ ಸಮುದಾಯ ಭವನದಲ್ಲಿ ನಡೆಯಿತು. ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ವರದಿ ಇಂಗ್ಲಿಷಿನಲ್ಲಿತ್ತು, ಅದರ ಕನ್ನಡ ಸಾರಾಂಶದಲ್ಲಿ ನೀರಿನ ಭಾಗವನ್ನು ನನಗೆ ಓದಲು ಹೇಳಿದ್ದರು. ನನ್ನ ಸರದಿ ಬಂದು ಮೈಕಿನ ಮುಂದೆ ನಿಂತಾಗ, ಮಾಡದಕೆರೆ ಕಡೆಯ ಕುರಿಗಾರರ ಗುಂಪೊಂದು ಒಳಗೆ ಬಂತು. ಬಯಲನ್ನು ಕುರಿಗಳಿಗೆ ಬಿಡುತ್ತಾರೋ ಇಲ್ಲವೋ ಎಂದು ಕೇಳಲು ಅವರು ಟೆಂಪೋ ಮಾಡಿಕೊಂಡು ಬಂದಿದ್ದರು. ಅವರ ಜೊತೆ, ತಮ್ಮನ ಹೆಂಡತಿಯ ಕೈ ಹಿಡಿದುಕೊಂಡು, ಆ ಹಸಿರು ಸೀರೆ ಉಟ್ಟ ಅವ್ವ ಇದ್ದರು; ದಾರಿಯಲ್ಲಿ ನೆಲೆಯ ಗೇಟಿನಿಂದ ಹತ್ತಿಸಿಕೊಂಡಿರಬೇಕು. ವಯಸ್ಸಾದವರೆಂದು ಯಾರೋ ಎದ್ದು ಮುಂದಿನ ಸಾಲಿನಲ್ಲಿ ಜಾಗ ಕೊಟ್ಟರು. ಯಜಮಾನರು ಹಿಂದೆಲ್ಲೋ ಇದ್ದವರು ಕುರ್ಚಿಯಿಂದ ಎದ್ದು ನಿಂತರು. ಅಷ್ಟು ದೂರದಿಂದ ಮಾಡುವುದಾದರೂ ಏನು.

ನಾನು ಓದಿದೆ. ಗುಂಡಿನ ದಿಬ್ಬದ ಮಣ್ಣಿನಲ್ಲಿ ಸೀಸ ಇದೆ, ಅದನ್ನು ತೆಗೆದು ಸಾಗಿಸಬೇಕು. ಹಳ್ಳದ ನೀರು ಸರಿಯಿದೆ. ನೆಲೆಯೊಳಗಿನ ಬಾವಿಗೆ ಡೀಸೆಲ್ ಸೇರಿದೆ, ಅದನ್ನು ಮುಚ್ಚಬೇಕು. ಆಮೇಲೆ ಆ ವಾಕ್ಯ ಬಂತು. ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋದರೆ ಆ ಸಭೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಎದುರಿಗೆ ರೈತರು ಬಾಯಿ ತೆರೆದು ಕಾಯುತ್ತಿದ್ದರು, ಅದು ಅವರ ಕುಡಿಯುವ ನೀರಿನ ಮಾತು. ಟ್ಯಾಂಕು ಹೂತದ್ದು ಯಾವ ವರ್ಷ, ಅದಕ್ಕಿಂತ ಮೊದಲು ಅಲ್ಲಿ ಯಾವ ಟ್ಯಾಂಕೂ ಇರಲಿಲ್ಲ, ಹಾಗಾಗಿ ಎಣ್ಣೆ ಬೇಲಿ ದಾಟಿಲ್ಲ, ನಿಮ್ಮ ಬಾವಿಗಳು ಚೊಕ್ಕವಾಗಿವೆ ಎಂದು ಓದಿದೆ. ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟ ಹಾಗಾಯಿತು. ಯಾರೋ ಚಪ್ಪಾಳೆ ಹೊಡೆದರು. ಅವ್ವ ನನ್ನನ್ನು ನೋಡುತ್ತಿದ್ದರು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು.

ಸಭೆ ಮುಗಿದ ಮೇಲೆ ಇಬ್ಬರನ್ನೂ ಮನೆಗೆ ಬಿಡಲು ನಮ್ಮ ಜೀಪಿನಲ್ಲೇ ಹೊರಟೆವು. ಡ್ರೈವರ್ ಮುಂದೆ, ಹಿಂದೆ ಅವರಿಬ್ಬರೂ ಒಂದು ಕಡೆ, ನಾನು ಎದುರಿಗೆ. ರಸ್ತೆಯ ತಿರುವಿನಲ್ಲಿ ದೊಡ್ಡದೊಂದು ಕುರಿ ಹಿಂಡು ಅಡ್ಡ ಬಂತು. ಡ್ರೈವರ್ ಇಂಜಿನ್ ಆರಿಸಿದ.

"ಆ ಟ್ಯಾಂಕು ಹೂಳಾವಾಗ ನೀವು ಅಲ್ಲೇ ಇದ್ರಾ?" ಎಂದರು ಅವ್ವ.

"ಇದ್ದೆ."

"ಹಂಗಾದ್ರೆ ನಿಮಗೆ ಗೊತ್ತಿತ್ತು."

ಯಜಮಾನರು ತಲೆ ಆಡಿಸಿದರು.

"ನಾನು ಊರೆಲ್ಲ ತಿರುಗಿ ನಿಮ್ಮ ನೀರು ಬೈಕಂಡು ಬಂದೆ. ಸುಮ್ನೆ ಕುಂತಿದ್ರಲ್ಲ."

"ನೀನು ನಕ್ಕಂಡು ಓಡಾಡ್ತಿದ್ದೆ ಕಣೆ. ನೋಡಾಕೆ ಚೆಂದಿತ್ತು."

ಅವ್ವ ಆತನ ಮುಖದ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ಹಿಂಡು ಜೀಪಿನ ಎರಡೂ ಕಡೆಯಿಂದ ಸರಿಯುತ್ತಿತ್ತು. ಆಮೇಲೆ ಆಕೆ ನನ್ನ ಕಡೆ ತಿರುಗಿ, ಹಾಗಾದರೆ ಬಿಸಿಲಿನಿಂದಲೇನಾ ಎಂದು ಕೇಳಿದರು. ಅದನ್ನು ಕೇಳುವಾಗ ಆಕೆಯ ಧ್ವನಿ ಚಿಕ್ಕ ಹುಡುಗಿಯ ಧ್ವನಿಯ ಹಾಗಿತ್ತು. ಆಗ ನಾನು ಡಾಕ್ಟರ ಹತ್ತಿರ ಹೋದದ್ದು, ಅವರು ಹೇಳಿದ್ದು ಎಲ್ಲವನ್ನೂ ಹೇಳಿದೆ. ಒಂದು ಮಾತನ್ನೂ ಹೆಚ್ಚು ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ಡಾಕ್ಟರೇ ಹಾಗೆ ಅಂದರಾ ಎಂದು ಎರಡು ಸಲ ಕೇಳಿದರು. ಅವರೇ ಅಂದರು ಎಂದೆ.

"ನೀರೂ ಅಲ್ಲ, ಬಿಸಿಲೂ ಅಲ್ಲ. ಹಂಗಾದ್ರೆ ಯಾರ್ದೂ ತಪ್ಪಿಲ್ಲ ಅನ್ರಿ."

"ಯಾರ್ದೂ ಇಲ್ಲ" ಎಂದರು ಯಜಮಾನರು.

"ಇದ್ನ ಕೂಸು ಹೋದಾಗ್ಲೇ ಒಂದು ಮಾತು ಯಾಕೆ ಹೇಳ್ಲಿಲ್ಲ ನೀವು?"

"ಆ ಮಾತು ತೆಗುದ್ರೆ ನೀನು ಅಳ್ತೀಯ ಅಂತ."

"ಅಳ್ತಿದ್ದೆ. ಅತ್ತು ಸುಮ್ನಾಗ್ತಿದ್ದೆ."

ಅಷ್ಟು ಹೇಳಿ ಆಕೆ ಅತ್ತರು. ಸದ್ದಿಲ್ಲದೆ, ಸೆರಗನ್ನು ಬಾಯಿಗೆ ಒತ್ತಿಕೊಂಡು. ಯಜಮಾನರು ಏನು ಮಾಡಬೇಕೆಂದು ತೋಚದೆ ಆಕೆಯ ಬೆನ್ನ ಮೇಲೆ ಕೈ ಇಟ್ಟರು, ಇಟ್ಟ ಕೈಯನ್ನು ಮನೆ ಬರುವವರೆಗೆ ತೆಗೆಯಲಿಲ್ಲ. ನಾನು ಬಯಲಿನ ಕಡೆ ನೋಡುತ್ತ ಕುಳಿತೆ. ಹಿಂಡು ದಾಟಿ ಎಷ್ಟೋ ಹೊತ್ತಾಗಿದ್ದರೂ ಡ್ರೈವರ್ ತಾನಾಗಿ ಇಂಜಿನ್ ಶುರು ಮಾಡಲಿಲ್ಲ. ಹೋಗಾಣ ನಡಿಯಪ್ಪ ಎಂದು ಅವ್ವನೇ ಹೇಳಬೇಕಾಯಿತು.

ಆಮೇಲೆ ಕೆಲವು ದಿನ ಆಕೆ ಹೆಚ್ಚು ಮಾತಾಡಲಿಲ್ಲ. ನಾನು ಹೋದಾಗ ಚಾ ಮಾಡಿಕೊಟ್ಟು ಪಕ್ಕದಲ್ಲಿ ಕುಳಿತಿರುತ್ತಿದ್ದರು. ಒಂದು ದಿನ ಮಾತ್ರ, ನಾನು ಮಣ್ಣು ತೆಗೆಯುವ ಕೊಳವೆಗಳನ್ನು ಒರೆಸಿಡುತ್ತಿದ್ದಾಗ, ಇನ್ನೊಂದು ಕಡೆ ಮಣ್ಣು ನೋಡುತ್ತೀಯಾ ಎಂದು ಕೇಳಿದರು. ಕರೆದುಕೊಂಡು ಹೋದದ್ದು ವಸತಿಗೃಹಗಳ ಹಿಂದೆ, ಬೇಲಿಯ ಮೂಲೆಗೆ. ಅಲ್ಲಿ ತಂಗಡಿಯ ಪೊದೆಗಳು ಹೂ ಬಿಟ್ಟಿದ್ದವು. ಎರಡು ಕಲ್ಲುಗಳಿದ್ದವು, ಅಷ್ಟೆ. ಯಜಮಾನರು ಸ್ವಲ್ಪ ದೂರದಲ್ಲಿ ನಿಂತರು.

"ಈ ಮಣ್ಣಿಗೂ ಎಣ್ಣೆ ಹತ್ತೈತಾ ನೋಡು ಮಗಾ. ನಾವು ಇವ್ರನ್ನ ಇಲ್ಲೇ ಬಿಟ್ಟು ಹೋಗಬೇಕಲ್ಲ."

ಆ ಜಾಗ ನಮ್ಮ ಪರೀಕ್ಷೆಯ ನಕ್ಷೆಯಲ್ಲಿ ಇರಲಿಲ್ಲ. ಮುಖ್ಯಸ್ಥರಿಗೆ ಫೋನು ಮಾಡಿ, ಇನ್ನೊಂದು ಕಡೆ ಮಣ್ಣು ತೆಗೆಯಬೇಕು ಎಂದೆ. ಯಾಕೆ ಎಂದು ಕೇಳಿದರು, ಹೇಳಿದೆ. ತೆಗೆಯಿರಿ, ಖರ್ಚು ನಾನು ನೋಡಿಕೊಳ್ಳುತ್ತೇನೆ ಎಂದರು. ಕಲ್ಲುಗಳಿಗೆ ತಾಗದ ಹಾಗೆ, ಆಚೆಗೆ ಒಂದು ಗೇಣು ಬಿಟ್ಟು ಕೊಳವೆ ಇಳಿಸಿದೆ. ದುರ್ಗಕ್ಕೆ ಹೋಗಿ ಬೇರೆ ಎಲ್ಲವನ್ನೂ ಪಕ್ಕಕ್ಕಿಟ್ಟು ಅದನ್ನೇ ಮೊದಲು ಮಾಡಿದೆ. ಏನೂ ಇರಲಿಲ್ಲ. ಬರಿಯ ಕೆಂಪು ಮಣ್ಣು. ಫೋನು ಮಾಡಿ ಹೇಳಿದಾಗ ಆ ಕಡೆಯಿಂದ ಅವ್ವ, ಚೊಕ್ಕ ಐತಂತೆ ರೀ ಎಂದು ಯಜಮಾನರಿಗೆ ಹೇಳುವುದು ಕೇಳಿಸಿತು. ಮುಖ್ಯಸ್ಥರು ವರದಿಗೆ ಒಂದು ಸಾಲು ಸೇರಿಸಿದರು: ಬೇಲಿಯ ಆ ಮೂಲೆಯಲ್ಲಿ ಅಗೆಯಬಾರದು, ಅಲ್ಲಿ ಎರಡು ಸಮಾಧಿಗಳಿವೆ.

ವರದಿ ಹೋಗಿ ಈಗ ಸ್ವಲ್ಪ ಕಾಲವಾಗಿದೆ. ಕಪ್ಪಾದ ಮಣ್ಣನ್ನು ಲಾರಿಗಳಲ್ಲಿ ತುಂಬಿ, ತಾಡಪಾಲು ಹೊದಿಸಿ ಸಾಗಿಸಿದರು. ಬಾವಿಯನ್ನು ಮುಚ್ಚಿ ಮೇಲೆ ಕಾಂಕ್ರೀಟ್ ಹಾಕಿದರು. ರಸ್ತೆಯ ಪಕ್ಕದ ಭಾಗ ಸೋಲಾರಿಗೆ ಹೋಗುತ್ತದೆ ಎನ್ನುತ್ತಾರೆ. ಹುಲ್ಲಿನ ಬಯಲನ್ನು ಹಾಗೆಯೇ ಬಿಟ್ಟು, ಹಕ್ಕಿಗಳು ಮೊಟ್ಟೆ ಇಡುವ ತಿಂಗಳುಗಳನ್ನು ಬಿಟ್ಟು ಉಳಿದ ಕಾಲ ಕುರಿ ಮೇಯಿಸಬಹುದು ಎಂಬ ಸಲಹೆಗೆ ಕುರಿಗಾರರೂ ಒಪ್ಪಿದ್ದಾರೆ, ಹಕ್ಕಿ ನೋಡುವ ಹುಡುಗಿಯೂ ಒಪ್ಪಿದ್ದಾಳೆ. ಅಂತಿಮ ಆದೇಶ ಇನ್ನೂ ಬರಬೇಕು.

ಅವರಿಬ್ಬರೂ ಹಿರಿಯೂರಿನಲ್ಲಿ ಬಾಡಿಗೆ ಮನೆ ಮಾಡಿದ್ದಾರೆ. ಕೆಲಸದ ಮೇಲೆ ಆ ಕಡೆ ಹೋದಾಗ ಹೋಗುತ್ತೇನೆ. ಕಳೆದ ಸಲ ಹೋದಾಗ ಯಜಮಾನರು ನಲ್ಲಿ ನೀರು ಎಷ್ಟು ಸಪ್ಪೆ ಎಂದು ದೂರುತ್ತ, ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸುತ್ತಿದ್ದರು. ಕುಂತ್ಕಳ್ರಿ, ಈಗ ಬರ್ತಾಳೆ ಎಂದರು. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಲು ಗೊತ್ತಿರುವವರು ಆ ಮನೆಯಲ್ಲಿ ಯಾರೂ ಇಲ್ಲವಂತೆ. ಅವರಾಗಿ ಬಂದು ಕೇಳಿದರಂತೆ. ಮೊದಲ ದಿನ ಅವ್ವ ಬಾಗಿಲವರೆಗೆ ಹೋಗಿ ತಿರುಗಿ ಬಂದರಂತೆ, ಎರಡನೇ ದಿನ ಹೋದರಂತೆ.

ಗೋಡೆಯಾಚೆಯಿಂದ ಕೂಸು ಚೀರುವುದು ಕೇಳುತ್ತಿತ್ತು, ಅದರ ಮೇಲೆ ಅವ್ವನ ಧ್ವನಿ, ಆತು ಆತು, ಇನ್ನೊಂದು ಚೊಂಬು ಅಷ್ಟೇ ಎಂದು. ಯಜಮಾನರು ನೀರಿಗೆ ಬೆರಳು ಅದ್ದಿ ನೋಡಿ, ಪಾತ್ರೆಯನ್ನು ಬಟ್ಟೆಯಿಂದ ಹಿಡಿದೆತ್ತಿಕೊಂಡು, ಬಂದೆ ಇರ್ರಿ ಎಂದು ನನಗೆ ಹೇಳಿ ಆ ಮನೆಗೆ ನಡೆದರು.